ಬಾಯಿಗೊಂದು ವಿನಾಯಿತಿ

ಶ್ರೂಸ್‌ಬರಿ ದಾಟಿತ್ತು. ಎರಡೇ ಡಬ್ಬಿಯ ರೈಲು,
ಅದರಲ್ಲಿ ಒಂಬತ್ತು ಜನ,
ಮಿಕ್ಕ ಸೀಟಿಗೆಲ್ಲ ಅಂಚು ಎದ್ದ ಹಳದಿ ಪಟ್ಟಿ.

ವೆಲ್ಶ್‌ಪೂಲ್ ಬರುವ ಮೊದಲೇ ಗಡಿ.
ಕುರಿಗಳಿಗೆ ಗೊತ್ತಿಲ್ಲ, ಹಳಿಗೂ ಗೊತ್ತಿಲ್ಲ,
ಗಾರ್ಡು ನಾನು, ನನಗೆ ಗೊತ್ತಿರಬೇಕು:
ಇಲ್ಲಿಂದಾಚೆ ಕಾಯಿದೆ ಬೇರೆ,
ಕೇಳಬೇಕಾದ ಪ್ರಶ್ನೆಯೂ ಬೇರೆ.

ಕಿಟಕಿ ಬದಿಯ ಹೆಂಗಸನ್ನು ಕೇಳಿದೆ: ಎಲ್ಲಿಗೆ, ಯಾಕೆ?
ಆಕೆ ನನ್ನ ಮುಖಗವಸನ್ನೇ ನೋಡಿದಳು,
ಬೀಗ ಹಾಕಿದ ಅಂಗಡಿಯ ಬಾಗಿಲನ್ನು ನೋಡುವ ಹಾಗೆ.
ದನಿ ಏರಿಸಿ ಮತ್ತೆ ಕೇಳಿದೆ.
ಇಡೀ ಡಬ್ಬಿ ತಿರುಗಿತು, ಆಕೆಯೊಬ್ಬಳ ಹೊರತು.

ಚೀಲದಿಂದ ಕಾಗದ ತೆಗೆದಳು, ಮಡಿಕೆಯಲ್ಲಿ ಸವೆದದ್ದು.
ಪೆನ್ಸಿಲಿನಲ್ಲಿ ಗೆರೆ ಎಳೆದ ಸಾಲು:
ತುಟಿ ನೋಡಿ ತಿಳಿಯುವವರೊಡನೆ ಮಾತಾಡಲು
ಗವಸು ಇಳಿಸಬಹುದು.
ಎರಡು ಸಲ ಓದಿದೆ.
ಹಕ್ಕು ಆಕೆಯದು,
ಬಿಡುಗಡೆ ಮಾತ್ರ ನನ್ನ ಬಾಯಿಗೆ.

ಆದರೆ ಮನೆಯಲ್ಲಿ ಗ್ವೆನ್‌ಲಿಯನ್,
ಅರ್ಧ ಶ್ವಾಸಕೋಶದ ಹೆಂಡತಿ.
ಬಹುದು ಎಂದರೆ ಬೇಕು ಅಂತಲ್ಲವಲ್ಲ ಎಂದು
ಮೂರು ಕಂಬ ಸರಿಯುವಷ್ಟು ಹೊತ್ತು ನಿಂತೆ.

ಆಕೆ ಎದ್ದು ಮೇಲಿನ ಗಾಜು ತೆರೆದಳು,
ಎರಡು ಸಾಲು ಹಿಂದೆ ಸರಿದಳು,
ಕಾದಳು.

ಎಂಟು ತಿಂಗಳಾಗಿತ್ತು ಪರರಿಗೆ ಹಲ್ಲು ತೋರಿಸಿ.
ಇಳಿಸಿದೆ. ನುಗ್ಗಿದ್ದು ತಣ್ಣನೆ ಗಾಳಿ, ಗೊಬ್ಬರದ ವಾಸನೆ.
"ಎಲ್ಲಿಗೆ?" ಎಂದೆ. "ಯಾಕೆ?"

ಕಣ್ಣು ಕಿರಿದು ಮಾಡಿ ನೋಡಿದಳು,
ಅಳತೆ ತಪ್ಪಿದ ದನಿಯಲ್ಲಿ, ತುಸು ಜೋರಾಗಿಯೇ, ಹೇಳಿದಳು:
"ಮೀಸೆ ಕತ್ತರಿಸಿಕೊಳ್ಳಿ. ಒಂದಕ್ಷರ ಓದಲಾಗುತ್ತಿಲ್ಲ."