ಬಸಿದ ನೀರು

ಮೂವತ್ತೊಂದು ವರ್ಷ ಹಾಸನದ ಯಾರ್ಡಿನಲ್ಲಿ
ಆಲೂಗಡ್ಡೆ ತೂಗಿದವನು ನಾನು.
ಚೀಲವನ್ನೊಮ್ಮೆ ಮೊಣಕಾಲಿಂದ ಒತ್ತಿ
ಐವತ್ತಕ್ಕೆ ಎಷ್ಟು ಕಮ್ಮಿ ಎಂದು ಹೇಳಿಬಿಡುತ್ತಿದ್ದೆ,
ಮುಳ್ಳು ಆಮೇಲೆ ಬಂದು ಒಪ್ಪಿಕೊಳ್ಳುತ್ತಿತ್ತು.

ಈಗ ನನ್ನನ್ನೇ ತೂಗಿದ ಚೀಟಿ ಕೈಯಲ್ಲಿದೆ.
ಕ್ರಿಯಾಟಿನಿನ್ ಒಂದೂವರೆ.
ಕಿಡ್ನಿ ಸೋಸುವ ಲೆಕ್ಕ ಐವತ್ತಮೂರು.
ಎಷ್ಟಕ್ಕೆ? ಎಂದೆ. ಹೆಚ್ಚೂಕಮ್ಮಿ ನೂರಕ್ಕೆ, ಎಂದರು.
ಹಂಗಾದ್ರೆ ಅರ್ಧ ಚೀಲ ಎಲ್ಲಿ ಸೋರಿತು ಮೇಡಂ,
ನನಗೆ ಎಲ್ಲೂ ನೋಯಲೇ ಇಲ್ಲವಲ್ಲ?

ನೋಯೋದಿಲ್ಲ, ಅದೇ ಇದರ ಕೆಟ್ಟ ಗುಣ, ಎಂದರು
ಮೈಸೂರಿನಿಂದ ತಿಂಗಳಿಗೆರಡು ಶನಿವಾರ
ಬಿ.ಎಂ. ರಸ್ತೆಯ ಮಹಡಿ ಹತ್ತಿ ಬರುವ ಡಾಕ್ಟರ್ ಫರ್ಹಾನಾ.
ಚೀಟಿಯ ಹಿಂಬದಿಗೇ ಎರಡು ಅವರೆಕಾಳು ಬರೆದು
ಒಳಗೆ ಚುಕ್ಕಿ ಚುಕ್ಕಿ ಇಟ್ಟರು: ಇದು ಜರಡಿ.
ಹರಿದ ಕಣ್ಣು ಕೂಡಿಕೊಳ್ಳೋಲ್ಲ. ಇರೋದನ್ನ ಕಾಯೋಣ.

ಜರಡಿಯ ಮಾತು ನನಗೆ ಹೇಳಿಕೊಡಬೇಕೆ?
ಗೋಲಿ ಗಡ್ಡೆ ಬೇರೆ, ಬಿತ್ತನೆ ಬೇರೆ, ದಪ್ಪನೆಯದು ಬೇರೆ,
ಒಂದು ಕಣ್ಣು ಹರಿದರೂ ಸಂಜೆಗೆ ಲೆಕ್ಕ ಕೂಡುವುದಿಲ್ಲ.

ಹೆಗಲು ನೋವಿಗೆ ಏನು ತಗೋತೀರಿ?
ಮೆಡಿಕಲ್ ಶಾಪಿನ ಲೋಕಣ್ಣ ಕೇಳುವ ಮೊದಲೇ
ಕತ್ತರಿಸಿ ಕೊಡುವ ಹಳದಿ ಮಾತ್ರೆ.
ದಿನಕ್ಕೊಂದು. ಸೀಸನ್ನಿನಲ್ಲಿ ಮೂರು.
ಎಷ್ಟು ವರ್ಷದಿಂದ?
ಆರು, ಎಂದೆ.
ಪಕ್ಕದಲ್ಲಿ ಕೂತ ಸಣ್ಣತಾಯಮ್ಮ ಸೆರಗು ಸರಿಮಾಡಿಕೊಂಡು ಕೆಮ್ಮಿದಳು.
ಹದಿನಾಲ್ಕು, ಎಂದೆ.
ಜೀವಮಾನದಲ್ಲಿ ನಾನು ತೂಕದಲ್ಲಿ ಮೋಸ ಮಾಡಹೊರಟದ್ದು
ಅದೊಂದೇ ಸಲ, ಅದೂ ನನಗೇ.

ಆ ಮಾತ್ರೆ ನಿಂತಿತು. ಬಿಪಿಗೆ ಒಂದು ಬಂತು.
ಮೂರು ತಿಂಗಳಿಗೊಮ್ಮೆ ರಕ್ತ, ಮೂತ್ರ.
ಪೊಟ್ಯಾಸಿಯಂ ನಿಮಗೆ ಒಂಚೂರು ಮೇಲಿದೆ,
ಆಲೂಗಡ್ಡೆ ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಚೆಲ್ಲಿ,
ಅದೂ ಅಪರೂಪಕ್ಕೆ.
ಸೊಪ್ಪೂ ಹಾಗೇ. ಬಸಿದ ನೀರು ಚೆಲ್ಲಿಬಿಡಿ.

ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ ಎದ್ದು ನಿಂತಳು.
ಬಸಿದಿದ್ದು ಚೆಲ್ಲಿದ್ರೆ ಬಸ್ಸಾರು ಹೆಂಗ್ರವ್ವಾ?
ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.
ಅವರಿಗೂ ಬಸ್ಸಾರು ಗೊತ್ತು, ಮುಖ ಹೇಳುತ್ತಿತ್ತು.
ಅದನ್ನ ನೀವು ಉಣ್ಣಿ, ಎಂದರು ಮೆಲ್ಲಗೆ.

ಅವಳು ಉಣ್ಣಲಿಲ್ಲ.
ತ್ಯಾಗವೂ ಇಲ್ಲ ಮಣ್ಣೂ ಇಲ್ಲ,
ಒಬ್ಬಳಿಗೋಸ್ಕರ ಖಾರ ರುಬ್ಬುವವರಾರು ಅನ್ನುತ್ತಾಳೆ.
ಆರಿದ ಹಸಿರು ನೀರನ್ನು ಹಿತ್ತಲ ಕರಿಬೇವಿಗೆ ಸುರಿದು ಬರುತ್ತಾಳೆ;
ನಮ್ಮಿಬ್ಬರ ಪಾಲು ಕುಡಿದು ಅದು ಸೂರು ಮುಟ್ಟಿದೆ.

ಅರಸೀಕೆರೆಯ ಬೀಗರು ಎಳನೀರಿನ ಗೊನೆ ಹೊತ್ತು ತಂದರು,
ಕಿಡ್ನಿಗೆ ತಂಪಂತೆ.
ಬೇಡ ಅಂದವನನ್ನು
ತೀರ್ಥ ಉಗುಳಿದವನ ಹಾಗೆ ನೋಡಿದರು.
ಇನ್ಯಾರೋ ಕೊಟ್ಟ ಬೇರಿನ ಪುಡಿ ಪೊಟ್ಟಣ ಬಿಚ್ಚದೆ ವಾಪಸು ಹೋಯಿತು.

ಮೊನ್ನೆಯ ಚೀಟಿಯಲ್ಲಿ ಐವತ್ತಮೂರೇ.
ಮುಳ್ಳು ಅಲ್ಲಾಡದೆ ನಿಂತದ್ದನ್ನು
ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಉಪ್ಪಿಗೆ ಮಾತ್ರ ನನ್ನದೇ ತೂಕ.
ದಿನಕ್ಕೆ ಒಂದು ಟೀ ಚಮಚ, ಎಲ್ಲ ಸೇರಿ, ಎಂದಿದ್ದರು.
ಬೆಳಗ್ಗೆ ಮೂರು ಬೆರಳಲ್ಲಿ ಚಿವುಟಿ ಚಿವುಟಿ
ಹಳೆಯ ನಶ್ಯದ ಡಬ್ಬಿಗೆ ಹಾಕಿ ಅವಳ ಕೈಗೆ ಕೊಡುತ್ತೇನೆ.
ಸಂಜೆಗೆ ಮುಗಿದರೆ ಮುಗಿಯಿತು, ರಾತ್ರಿಯ ಸಾರು ಸಪ್ಪೆ.

ಒಂದು ದಿನ ಯಾಕೋ ಬೆರಳ ಮೇಲೇ ಅನುಮಾನ ಬಂದು
ಅಕ್ಕಸಾಲಿ ಗಂಗಾಚಾರಿಯ ಅಂಗಡಿಗೆ ಡಬ್ಬಿ ಹಿಡಿದು ಹೋದೆ.
ಅವನು ಚಿನ್ನದ ತಟ್ಟೆ ಒರೆಸಿ, ಉಪ್ಪು ಸುರಿದು,
ಗಾಜಿನ ಬಾಗಿಲು ಮುಚ್ಚಿದ.
ಉಸಿರು ಬಿಡಬೇಡಿ, ಎಂದ.
ಐದು ಗ್ರಾಂ. ಮೇಲೊಂದು ಹರಳು.

ಆ ಹರಳನ್ನು ಅಲ್ಲೇ, ಅವನ ಎದುರಿಗೇ,
ನಾಲಿಗೆಯ ಮೇಲಿಟ್ಟುಕೊಂಡೆ.