ಏಳನೆಯ ಕಲ್ಲು

ಮಣಿಕಟ್ಟಿನ ನೋವು ಯಾವ ಫೋಟೋದಿಂದ ಶುರುವಾಯಿತೋ
ಹೇಳಲಾರೆ.
ಸಾವಿರ ಮದುಮಗಳ ಮೊಡವೆ ಅಳಿಸಿದ್ದೇನೆ,
ತೀರಿಹೋದವರ ಬೆನ್ನ ಹಿಂದಿನ ಪ್ಲಾಸ್ಟಿಕ್ ಕುರ್ಚಿ ತೆಗೆದು
ನೀಲಿ ಆಕಾಶ ಹಾಕಿಕೊಟ್ಟಿದ್ದೇನೆ.
ಈಗ ನನ್ನ ಎಡಗೈ
ಬೆಳಗಿನ ಕಾಫಿಲೋಟವನ್ನೂ ನಂಬುವುದಿಲ್ಲ.

ಶ್ರೀರಾಮಪುರದ ಅಂಗಡಿಗೆ ಮೊನ್ನೆ ಬಂದದ್ದು
ಮುನಿರತ್ನಮ್ಮನ ಮದುವೆ ಫೋಟೋ, ಎಪ್ಪತ್ತೊಂದನೇ ಇಸವಿ.
ಬೂಷ್ಟು ಹಿಡಿದಿದೆ. ಕೆನ್ನೆಯಿಂದ ಹೊರಟು
ಕಿವಿಯೋಲೆ ದಾಟಿ
ಪರದೆಯಲ್ಲಿ ಬರೆದ ಹಂಸದ ಕೊಳದವರೆಗೆ.
ಮೌಸು ಹಿಡಿದು ಬಿಡಿಸಹೋದೆ:
ಇಟ್ಟಿಗೆಯಲ್ಲಿ ಹುಬ್ಬು ತೀಡಿದ ಹಾಗೆ.
ಮೆಟ್ರೊ ಹೋದಾಗಲೆಲ್ಲ ಮೇಜು ನಡುಗಿ
ಬಾಣದ ಗುರುತು ಕೂದಲಷ್ಟು ಸರಿಯುತ್ತದೆ.
ನನ್ನ ಕೆಲಸವಿರುವುದೇ ಆ ಕೂದಲಷ್ಟರಲ್ಲಿ.

ಎಸ್.ಪಿ. ರೋಡು. ಕೇಬಲ್ಲುಗಳ ತೋರಣದಡಿ ತಲೆ ಬಗ್ಗಿಸಿ
ಎರಡನೇ ಮಹಡಿ, ಮುಬಶಿರ್ ಅಂಗಡಿ.
"ಹಿಡಿದು ನೋಡಿ ಮೇಡಂ, ನೋಡೋಕೇನು ಟ್ಯಾಕ್ಸಾ?"

ಮೊದಲು ಚೆಂಡಿನದು. ಕೂತಲ್ಲೇ ಕೂತಿರುತ್ತದೆ,
ನಡುಬೆರಳ ಕೆಳಗೊಂದು ಕೆಂಪು ಗೋಲಿ ಉರುಳುತ್ತದೆ.
ಮಣಿಕಟ್ಟಿಗೆ ಸ್ವರ್ಗವೇ. ಆದರೆ ಗೋಲಿಯಾಡಿದ್ದು ನಮ್ಮಣ್ಣ,
ನಾನು ಅವನು ಸೋತದ್ದನ್ನು ಎಣಿಸುತ್ತಿದ್ದವಳು.
ಎಳೆದ ಗೆರೆ ನೇರ ಚರಂಡಿಗೆ ಹೋಯಿತು.

ಓರೆಯಾಗಿ ನಿಂತದ್ದೊಂದು, ಮಲಗಲೋ ಏಳಲೋ ಎನ್ನುವ ಒಂಟೆ.
ಅದು ಬಲಗೈಯವರಿಗೆ ಮಾತ್ರ. ನಾನು ಎಡಚಿ.
ಆಟದ ಹುಡುಗರದು ಮತ್ತೊಂದು: ಹನ್ನೆರಡು ಗುಂಡಿ,
ಹೊಟ್ಟೆಯೊಳಗೆ ಕಾಮನಬಿಲ್ಲು.
"ಡಿಪಿಐ ಹದಿನಾರು ಸಾವಿರ" ಎಂದ.
ಕೈಯ ನಡುಕವನ್ನು ಇನ್ನೂ ಚೆನ್ನಾಗಿ ಬರೆದಿಡುತ್ತದೆ,
ಅಷ್ಟೇ ತಾನೆ?

ಕೊನೆಗೆ ಸ್ಲೇಟು. ಬಳಪದ ಬದಲು ಪೆನ್ನು.
ಇಲ್ಲಿ ಗೀಚಿದರೆ ಅಲ್ಲಿ ಮೂಡುತ್ತದೆ.
ಕೈ ನೋಡಿದರೆ ಪರದೆ ತಪ್ಪಿತು,
ಪರದೆ ನೋಡಿದರೆ ಕೈ ಊರು ಬಿಟ್ಟಿತು.
"ಎರಡು ವಾರ ಬೈಕೊಂಡು ಬಳಸಿ" ಎಂದ ಮುಬಶಿರ್.
ಬೆಲೆ ಕೇಳಿ ಕೆಳಗಿಟ್ಟೆ.
ಅವನು ಮೇಜಿನಡಿಯಿಂದ ಹಳೆಯದೊಂದು ಎತ್ತಿದ,
ಧೂಳು ಊದಿದ.
ನಡುವೆ ಯಾರದೋ ಗೀರುಗಳು, ಲೆಕ್ಕವಿಲ್ಲದಷ್ಟು,
ಎಲ್ಲ ಎಡಕ್ಕೆ ವಾಲಿ.
ಬೆರಳಾಡಿಸಿದೆ.
ಇವರೂ ಎಡಗೈಯವರು. ಹೆಸರು ಗೊತ್ತಿಲ್ಲ,
ಏನು ಬರೆದರೋ, ಯಾಕೆ ಮಾರಿದರೋ.
ಚೌಕಾಸಿ ಮಾಡುವುದನ್ನೇ ಮರೆತೆ.

ಮೆಟ್ಟಿಲ ಬುಡದಲ್ಲಿ ಒಬ್ಬಾಕೆ ಕನಕಾಂಬರ ಕಟ್ಟುತ್ತಿದ್ದಳು.
ಕಣ್ಣು ಮಾರ್ಕೆಟ್ಟಿನ ಬಸ್ಸಿನ ಮೇಲೆ,
ಬಾಯಿ ಯಾರದೋ ಸೊಸೆಯ ಮೇಲೆ.
ಕೈಯನ್ನು ಒಮ್ಮೆಯೂ ನೋಡಲಿಲ್ಲ.
ಎರಡು ಮೊಳ ತಗೊಂಡೆ:
ಒಂದು ಮುಡಿಗೆ, ಒಂದು ಪಾಠದ ಫೀಸು.

ಹದಿಮೂರನೇ ದಿನ ಕೈ ಕೂತಿತು.
ಮೌಸಿಗೆ ಗೊತ್ತಿದ್ದದ್ದು ಹೌದು, ಇಲ್ಲ, ಎರಡೇ ಮಾತು.
ಪೆನ್ನಿಗೆ ಅನುಮಾನವೂ ಗೊತ್ತು:
ಒತ್ತಿದಷ್ಟು ಕಪ್ಪು, ಹಿಂಜರಿದಷ್ಟು ತಿಳಿ.

ಕೆನ್ನೆ ಮುಗಿಸಿ ಓಲೆಗೆ ಬಂದೆ.
ಆರು ಕಲ್ಲು ಕಾಣುತ್ತವೆ, ಏಳನೆಯದರ ಜಾಗದಲ್ಲಿ ಬೂಷ್ಟು.
ಪಕ್ಕದ ಕಲ್ಲಿನ ನಕಲು ತೆಗೆದು ಕೂರಿಸಿದರೆ
ಎರಡು ನಿಮಿಷದ ಕೆಲಸ.
ಆದರೂ ಫೋನು ಮಾಡಿದೆ.

"ಅವತ್ತು ಏಳನೇದು ಇರ್ಲಿಲ್ಲಮ್ಮ" ಎಂದಳು ಮುನಿರತ್ನಮ್ಮ.
"ಜಟಕಾದಲ್ಲಿ ಬರೋವಾಗ ಎಲ್ಲೋ ಉದುರೋಗಿತ್ತು.
ಫೋಟೋದವನು ನೆಟ್ಟಗೆ ನೋಡು, ನೆಟ್ಟಗೆ ನೋಡು ಅಂದ.
ನಾನು ತಲೆ ವಾರೆ ಮಾಡ್ದೆ.
ನಾಚಿಕೆ ಅಂದ್ಕೊಂಡ್ರು ಎಲ್ಲಾರೂವೆ.
ನಮ್ಮೆಜಮಾನ್ರು ಸಾಯೋವರ್ಗೂ ಹಂಗೇ ಅಂದ್ಕೊಂಡಿದ್ರು."
ಒಂದು ಕ್ಷಣ ಬಿಟ್ಟು:
"ಹಂಗೆ ತಿರುಗಿದ್ರೂ ಕಾಣ್ಸುತ್ತಾ?"

ಕಾಣಿಸುತ್ತದೆ.
ಇನ್ನು ಬರೆಯಬೇಕಾದದ್ದು ಖಾಲಿ ಕುಳಿ:
ಸುತ್ತ ಚಿನ್ನದ ಸವೆದ ಅಂಚು,
ಒಳಗೆ ಚೂರು ಅರಗು,
ಅದರ ಮೇಲೆ ಮಿಂಚಬಾರದ ಒಂದು ಚುಕ್ಕೆ.
ಪೆನ್ನೆತ್ತಿ ಕಾದೆ.
ಮೆಟ್ರೊ ಹೋಯಿತು. ಲೋಟದೊಳಗಿನ ನೀರು ನಿಂತಿತು.
ಇನ್ನೊಂದು ಬರಲು ಆರು ನಿಮಿಷ.