ಈತ್ ಸೊನ್ನೆ

ಹದಿನಾಲ್ಕು ಯಂತ್ರಗಳಲ್ಲಿ ಒಂಬತ್ತನೆಯದು ಮಾತ್ರ ಮೂಕ.
ಶನಿವಾರ ಅದಕ್ಕೆ ಹೊಸ ಡಿಸ್ಕು, ಹೊಸ ಉಬುಂಟು ಹಾಕಿ
ಹಳೆಯ ಫೈಲುಗಳನ್ನು ಹಾಗೇ ನಕಲಿಸಿದವಳು ನಾನೇ.
ನಾಳೆ ಐ.ಟಿ. ಪ್ರಾಕ್ಟಿಕಲ್. ನಾನೋ ಗಣಿತದ ಟೀಚರು;
ಪೈವಳಿಕೆಯ ಈ ಲ್ಯಾಬಿನ ಬೀಗದ ಕೈ ನನಗೆ ಬಂದದ್ದು
ಬೇರೆ ಯಾರಿಗೂ ಬೇಡವಾದ್ದರಿಂದ.

ಮೊದಲು ಕೇಬಲ್. ಯಾವಾಗಲೂ ಕೇಬಲ್ಲೇ ಇರುತ್ತದೆ.
ಕಿತ್ತೆ, ಊದಿದೆ, ಚುಚ್ಚಿದೆ. ಕಟ್ಟಿರುವೆಯೊಂದು ಹೊರಬಿತ್ತು.
ಹತ್ತನೆಯದರ ಕೇಬಲ್ ತಂದು ಹಾಕಿದೆ.
ಬೆನ್ನ ಹಿಂದೆ ಹಸಿರು ದೀಪ ಮಿಣುಮಿಣು.
ಪ್ಯೂನ್ ಕುಞಂಬುವಣ್ಣ ಬಗ್ಗಿ ನೋಡಿ
‘ಲೈಟ್ ಉಂಡಲ್ಲಾ ಟೀಚರೇ’ ಎಂದು
ರಿಪೇರಿ ಮುಗಿದವನಂತೆ ಚಾಗೆ ಹೋದ.

ಕಪ್ಪು ಪರದೆ ತೆರೆದೆ.
ನಿನ್ನನ್ನೇ ನೀನು ಕೂಗಿ ನೋಡು ಎಂದೆ:
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಕೂಗಿತು, ಓಗೊಟ್ಟಿತು, ನಾಲ್ಕಕ್ಕೆ ನಾಲ್ಕೂ.
ತನಗೆ ತಾನು ಸಿಗುವುದರಲ್ಲಿ ಏನೂ ದೋಷವಿಲ್ಲ.
ಗೋಡೆಯಾಚೆಯ ಸರ್ವರನ್ನು ಕೂಗು ಎಂದೆ.
ದಾರಿಯೇ ಇಲ್ಲ, ಎಂದಿತು.

ಬಸ್ಸು ತಪ್ಪಿದ ಒಂಬತ್ತನೇ ಕ್ಲಾಸಿನ ಶಿಫಾನ
ನನ್ನ ಹೆಗಲ ಮೇಲಿಂದ ಓದುತ್ತಿದ್ದಳು.
ಫೈಲಿನಲ್ಲಿ ನಾನು ನಕಲಿಸಿದ ಸಾಲು: ಈತ್ ಸೊನ್ನೆಯನ್ನು ಎಬ್ಬಿಸು.
ಚಾಲೂ ಮಾಡಿದಾಗೆಲ್ಲ ಎಬ್ಬಿಸಲು ಹೋಗಿದೆ.
ಹೋದಾಗೆಲ್ಲ ಉತ್ತರ: ಆ ಹೆಸರಿನವರು ಇಲ್ಲಿಲ್ಲ.

‘ಟೀಚರೇ, ಇಲ್ಲಿ.’
ಏಳುವಾಗ ಯಂತ್ರ ಗೊಣಗಿದ್ದೆಲ್ಲ ಉದ್ದಕ್ಕೆ ಬಿದ್ದಿತ್ತು, ಸಾವಿರ ಸಾಲು;
ಅವಳ ಬೆರಳು ಒಂದರ ಕೆಳಗೆ.
ಕಾರ್ಡು ಸಿಕ್ಕಿದೆ. ಕಾರ್ಡು ಸರಿಯಿದೆ.
ಹೆಸರು ಬದಲಾಗಿದೆ, ಈತ್ ಸೊನ್ನೆಯಿಂದ
ಇ ಎನ್ ಪಿ ಮೂರು ಎಸ್ ಸೊನ್ನೆಗೆ.

ಎದ್ದ ಒಂದೂವರೆ ಸೆಕೆಂಡಿನಲ್ಲೇ. ಯಾರನ್ನೂ ಕೇಳದೆ.

ಥಟ್ಟನೆ ಕೋಪ ಬಂತು, ಯಂತ್ರದ ಮೇಲಲ್ಲ.
ಊರಿನ ಬಾಲಕ್ಕೆ ಬೋರ್ಡಿನವರು ಅಂಟಿಸಿದ ಒಂದು ‘ಅಂ’,
ರೇಷನ್ ಕಾರ್ಡಿನಲ್ಲಿ ಮೂರು ಬಗೆಯಾದ ಅಪ್ಪನ ಮನೆಹೆಸರು,
ಕೌಂಟರಿನಾಚೆಯಿಂದ ‘ಅಂಙನೆ ಒರು ಸ್ಥಲಂ ಇಲ್ಲ’...
ಹೇಳಹೊರಟವಳು ಸುಮ್ಮನಾದೆ.
ಶಿಫಾನ ಬಿಡಿಸಿ ಓದುತ್ತಿದ್ದಳು:
‘ಮೂರು ಅಂದರೆ ಮೂರನೇ ಬಸ್ಸು, ಸೊನ್ನೆ ಅಂದರೆ ಮೊದಲ ಖಾನೆ.
ಕೂತ ಜಾಗದ್ದೇ ಹೆಸರು ಟೀಚರೇ.
ನಮ್ಮ ಮನೆಗೆ ಗುಡ್ಡೆಮೇಲು ಅಂತ ಹೇಳುವ ಹಾಗೆ.’

ಹೌದಲ್ಲ. ಚೆಂದದ ಹೆಸರೇ.
ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಹೊಸ ಸಾಲು ಬರೆದೆ. ಹಳೆಯದನ್ನು ಅಳಿಸಲು ಕೈ ಬರಲಿಲ್ಲ;
ಅದರ ತಲೆಗೊಂದು ಹ್ಯಾಶ್ ಗುರುತು ಇಟ್ಟೆ.
ಇನ್ನು ಯಂತ್ರ ಅದನ್ನು ಓದುವುದಿಲ್ಲ.
ತೆರೆದವರು ಓದಬಹುದು.

ಕೂಗಿದೆವು. ಅರವತ್ತನಾಲ್ಕು ಬೈಟ್.
ಮತ್ತೆ ಅರವತ್ತನಾಲ್ಕು. ಮತ್ತೆ.
ನಿಲ್ಲಿಸುವುದನ್ನೇ ಮರೆತು ನೋಡುತ್ತ ಕೂತೆವು.
ಬಾಗಿಲಲ್ಲಿ ಬೀಗ ಹಿಡಿದ ಕುಞಂಬುವಣ್ಣ.

ಹೊರಗೆ ಐದೂಮುಕ್ಕಾಲರ ಬಸ್ಸು:
ಬೋರ್ಡಿನ ಮೇಲೆ ಊರಿಗೆ ಮಲಯಾಳದಲ್ಲಿ ಒಂದು ಹೆಸರು, ಕನ್ನಡದಲ್ಲಿ ಒಂದು;
ಕಂಡಕ್ಟರ್ ಕೂಗಿದ್ದು ಮೂರನೆಯದು, ತುಳುವಿನದು.
ಶಿಫಾನ ಓಡಿದಳು.